ಆ ಆಸಕ್ತಿ ಮಗುವಿನದೇ ಆಗಿರಲಿ

"ನಿನ್ನ ಹವ್ಯಾಸ ಏನಪ್ಪಾ?" ಅಂತ ತರಗತಿಯಲ್ಲಿ ಎಬ್ಬಿಸಿ ಕೇಳಿದರೆ ಯಾವ ಉತ್ತರ ಬರುತ್ತದೆ ಅಂತ ಎಲ್ಲ ಶಿಕ್ಷಕರಿಗೂ ಗೊತ್ತು. ಪುಸ್ತಕ ಓದುವುದು, ಕ್ರಿಕೆಟ್ ಆಡುವುದು, ಅಂಚೆ ಚೀಟಿ ಸಂಗ್ರಹಿಸುವುದು. ಅಂಚೆ ಚೀಟಿ ಅಂದ ಮಗುವಿನ ಮನೆಗೆ ಕಾಗದ ಬಂದು ಎಷ್ಟು ವರ್ಷವಾಯಿತೋ. ಅದು ಗೈಡಿನ ಪ್ರಬಂಧದಲ್ಲಿ ಓದಿದ ಸಾಲು. ಮಗುವಿಗೆ ಸುಳ್ಳು ಹೇಳುವ ಉದ್ದೇಶವೇನೂ ಇಲ್ಲ. ಶಾಲೆಯಲ್ಲಿ ಕೇಳಿದ ಪ್ರಶ್ನೆಗೆ ಶಾಲೆ ಮೆಚ್ಚುವ ಉತ್ತರ ಕೊಡಬೇಕು ಅಂತ ಅದಕ್ಕೆ ರೂಢಿಯಾಗಿಬಿಟ್ಟಿದೆ.

ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಾಜ್ಯದಲ್ಲಿ ತೀರಾ ಕಡಿಮೆ ಮಳೆ ಬೀಳುವ ಕಡೆ ಇದು. ಶೇಂಗಾ ಹೊಲ, ಜಾಲಿ, ಕುರಿ ಮಂದೆ, ದೂರದವರೆಗೂ ಕಾವಲು ಅನ್ನುವ ಹುಲ್ಲುಗಾವಲು. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಬೆಳಿಗ್ಗೆ ಮನೆಯ ಒಂದಿಷ್ಟು ಕೆಲಸ ಮುಗಿಸಿಕೊಂಡೇ ಶಾಲೆಗೆ ಬರುತ್ತಾರೆ. ಇವರ ಮನಸ್ಸು ಯಾವುದರಲ್ಲಿದೆ ಅಂತ ತಿಳಿಯೋಕೆ ನಾನು ಕೇಳುವುದನ್ನು ಕಡಿಮೆ ಮಾಡಿ, ನೋಡುವುದನ್ನು ಜಾಸ್ತಿ ಮಾಡಿದೆ. ಬಿಸಿಯೂಟ ಆದಮೇಲೆ ಯಾರು ಎಲ್ಲಿಗೆ ಹೋಗಿ ಕೂರುತ್ತಾರೆ? ಬೋರ್‌ವೆಲ್ ಲಾರಿ ಸದ್ದು ಕೇಳಿದರೆ ಯಾರು ಕಿಟಕಿಗೆ ಓಡುತ್ತಾರೆ? ಯಾರಿಗೆ ಯಾವ ವಿಷಯ ಬಂದಾಗ ಮಾತು ತಾನಾಗಿ ಬರುತ್ತದೆ?

ನೋಟ್‌ಬುಕ್ಕಿನ ಕೊನೆ ಹಾಳೆ ಇನ್ನೂ ಜಾಸ್ತಿ ಹೇಳುತ್ತದೆ. ಟ್ರ್ಯಾಕ್ಟರಿನ ಚಿತ್ರ, ಮೆಹಂದಿ ಡಿಸೈನು, ಹಾಡಿನ ಸಾಲು, ಕಬಡ್ಡಿ ತಂಡದ ಪಟ್ಟಿ, ಯಾರೂ ಕೊಡದ ಲೆಕ್ಕ. ಆದರೆ ಒಂದು ಮಾತು. ಆ ಹಾಳೆಯನ್ನು ಕಿತ್ತುಕೊಂಡು ಎಲ್ಲರೆದುರು ಎತ್ತಿ ತೋರಿಸಬಾರದು. ಹೊಗಳುವುದಕ್ಕಾದರೂ ಸರಿ, ಬೇಡ. ಶಾಲೆಯಲ್ಲಿ ಆ ಮಗುವಿಗೆ ಸ್ವಂತದ್ದು ಅಂತ ಇರುವ ಜಾಗ ಅದೊಂದೇ ಇರಬಹುದು.

ಎಂಟನೇ ತರಗತಿಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ತರಗತಿಯಲ್ಲಿ ಅವಳ ದನಿ ಕೇಳುವುದೇ ಅಪರೂಪವಾಗಿತ್ತು. ಬೇಸಿಗೆ ರಜೆಯಲ್ಲಿ ಅಜ್ಜನ ಜೊತೆ ಕುರಿ ಕಾಯೋಕೆ ಹೋಗುತ್ತಿದ್ದಳು. ಜೂನ್‌ನಲ್ಲಿ ಶಾಲೆ ಶುರುವಾದ ಹೊಸದರಲ್ಲಿ, ಬಿಸಿಲಿನಲ್ಲಿ ಪ್ರಾಣಿಗಳು ಮೈ ಹೇಗೆ ತಂಪು ಮಾಡಿಕೊಳ್ಳುತ್ತವೆ ಅಂತ ಪಾಠ ಮಾಡುತ್ತಿದ್ದೆ. ಬೆವರು, ನಾಲಗೆ ಚಾಚುವುದು, ನೆರಳು ಹುಡುಕುವುದು. ಹಿಂದಿನ ಬೆಂಚಿನಿಂದ ಮೆಲ್ಲಗೆ ಬಂತು: "ಮಿಸ್, ಟಿಟ್ಟಿಭ ಹೊಟ್ಟೆ ನೆನೆಸ್ಕಂಡು ಬಂದು ಮೊಟ್ಟೆ ಮೇಲೆ ಕೂತ್ಕಂತತೆ."

ಟಿಟ್ಟಿಭ ಅಂದರೆ ಬಯಲಿನಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿ. ಉಳಿದವರು ನಕ್ಕರು. ನನಗೆ ಆ ಸಂಗತಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. "ನೀನು ಎಲ್ಲಿ ನೋಡಿದೆ? ಎಷ್ಟು ಸಲ ಹಂಗೆ ಮಾಡ್ತು? ಹೊತ್ತು ಎಷ್ಟಾಗಿತ್ತು?" ಅಂತ ಕೇಳಿದೆ. ಪಾಠದ ಪ್ರಶ್ನೆಗೆ ತಡವರಿಸುವ ಹುಡುಗಿ ಇದಕ್ಕೆ ಪಟಪಟ ಉತ್ತರ ಕೊಟ್ಟಳು. ಕೆರೆ ಅಂಗಳದ ಪಕ್ಕದ ಬಯಲು. ಗೂಡು ಅನ್ನುವಂಥದ್ದು ಏನೂ ಇಲ್ಲ, ನೆಲ ಕೆದರಿ ಸುತ್ತ ಸಣ್ಣ ಕಲ್ಲು ಇಟ್ಟಿತ್ತು, ನಾಲ್ಕು ಮೊಟ್ಟೆ. ಮಧ್ಯಾಹ್ನದ ಬಿಸಿಲಿಗೆ ಮಾತ್ರ ನೀರಿಗೆ ಹೋಗಿಬರುತ್ತಿತ್ತು, ಬೆಳಿಗ್ಗೆ ಇಲ್ಲ. ಟಿಟ್ಟಿಭ ಮಾರ್ಚ್‌ನಿಂದ ಆಗಸ್ಟ್‌ವರೆಗೂ ಮೊಟ್ಟೆ ಇಡುತ್ತದೆ. ಹಾಗಾಗಿ ಅವಳಿಗೆ ಇನ್ನೊಂದು ಗೂಡು ಹುಡುಕೋಕೆ ಕಾಲ ಮೀರಿರಲಿಲ್ಲ. ಒಂದು ಸಣ್ಣ ಪುಸ್ತಕ ಕೊಟ್ಟೆ. ದಿನಾಂಕ, ಹೊತ್ತು, ಬಿಸಿಲು ಇತ್ತೋ ಮೋಡ ಇತ್ತೋ, ಹಕ್ಕಿ ಏನು ಮಾಡಿತು. ಇಷ್ಟು ಬರೆದರೆ ಸಾಕು, ಗೂಡಿನ ಹತ್ತಿರ ಹೋಗಬೇಡ ಅಂದೆ.

ಆಮೇಲೆ ನಾನೂ ಹುಡುಕಿದೆ. ಟಿಟ್ಟಿಭ ಎದೆ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದನ್ನು ಪಕ್ಷಿ ತಜ್ಞರು ದಾಖಲಿಸಿದ್ದಾರೆ. ಇದನ್ನು ಅವಳಿಗೆ ಹೇಳಿದಾಗ ಅವಳು ಕೇಳಿದ್ದು: "ಅವ್ರಿಗೆ ಯಾರು ಹೇಳಿದ್ರು ಮಿಸ್?" ಯಾರೂ ಹೇಳಲಿಲ್ಲ, ನಿನ್ನ ಥರಾನೇ ಕೂತು ನೋಡಿದರು ಅಂದೆ. ವಿಜ್ಞಾನ ಅಂದರೆ ಏನು ಅಂತ ಆ ವರ್ಷ ನಾನು ಕೊಟ್ಟ ಎಲ್ಲ ವಿವರಣೆಗಿಂತ ಆ ಒಂದು ಮಾತು ಅವಳನ್ನು ಚೆನ್ನಾಗಿ ತಲುಪಿತು ಅಂತ ನನ್ನ ನಂಬಿಕೆ.

ಟಿಟ್ಟಿಭ ಕಾಲು ಮೇಲೆ ಮಾಡಿ ಮಲಗುತ್ತದೆ, ಆಕಾಶ ಬಿದ್ದರೆ ತಡೆಯೋಕೆ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಅಜ್ಜನೂ ಅದನ್ನೇ ಹೇಳಿದ್ದರಂತೆ. ಅದು ಹಾಗೆ ಮಲಗಿದ್ದನ್ನು ಅವಳು ಒಂದು ಸಲವೂ ನೋಡಿರಲಿಲ್ಲ. "ಅಜ್ಜ ಹೇಳಿದ್ದು" ಅಂತ ಒಂದು ಪುಟ, "ನಾನು ನೋಡಿದ್ದು" ಅಂತ ಎದುರು ಪುಟ ಮಾಡಿ ಎರಡನ್ನೂ ಬರೆದಳು. ಅಜ್ಜನನ್ನು ಸುಳ್ಳುಗಾರ ಮಾಡಲಿಲ್ಲ, ತನ್ನ ಕಣ್ಣನ್ನೂ ಬಿಟ್ಟುಕೊಡಲಿಲ್ಲ.

ಶನಿವಾರ ಬೆಳಗಿನ ಶಾಲೆ ಅಲ್ವಾ, ಅದರ ಕೊನೆಯ ಅವಧಿಯನ್ನು ಮುಖ್ಯ ಶಿಕ್ಷಕರನ್ನು ಕೇಳಿ ಇದಕ್ಕೇ ಇಟ್ಟುಕೊಂಡೆವು. ಮಕ್ಕಳು ಅದಕ್ಕೆ "ಹೇಳೋ ಕೇಳೋ ಕ್ಲಾಸು" ಅಂತ ಹೆಸರಿಟ್ಟರು. ಮಾತಾಡುವ ಮಗು ತನಗೆ ಬೇಕಾದ ಕಡೆ ನಿಲ್ಲಬಹುದು, ಕೂರಬಹುದು. ನಾನು ಬೆಂಚಿನಲ್ಲಿ ಮಕ್ಕಳ ಮಧ್ಯೆ ಕೂರುತ್ತೇನೆ. ಅಂಕ ಇಲ್ಲ, ಬಹುಮಾನ ಇಲ್ಲ. ಮಾತು ಮುಗಿದ ಮೇಲೆ ಚಪ್ಪಾಳೆಗಿಂತ ಮೊದಲು ಯಾರಾದರೂ ಒಂದು ಪ್ರಶ್ನೆ ಕೇಳಬೇಕು. ಎಲ್ಲಕ್ಕಿಂತ ನನಗೆ ಮುಖ್ಯ ಅನಿಸಿದ್ದು ಈ ಪ್ರಶ್ನೆ. ಚಪ್ಪಾಳೆ ಹೊಡೆಯೋಕೆ ಕಿವಿಗೊಡಬೇಕಾಗಿಲ್ಲ. ಪ್ರಶ್ನೆ ಕೇಳೋಕೆ ಬೇಕು.

ಎಲ್ಲರನ್ನೂ ಮೊದಲ ದಿನವೇ ತರಗತಿಯ ಎದುರು ನಿಲ್ಲಿಸುವುದು ತಪ್ಪು. ಮೊದಲು ಪಕ್ಕದವರಿಗೆ ಹೇಳಲಿ. ಆಮೇಲೆ ನಾಲ್ಕು ಜನರ ಗುಂಪಿಗೆ. ಆಮೇಲೂ ಬೇಕು ಅನಿಸಿದರೆ ಎಲ್ಲರಿಗೂ. ಮಾತೇ ಬೇಡ ಅನ್ನುವವರಿಗೆ ಗೋಡೆ ಪತ್ರಿಕೆ ಇದೆ. ಡ್ರಾಯಿಂಗ್ ಶೀಟಿನಲ್ಲಿ ಬರೆದು ಅಂಟಿಸುವುದು, ಹೆಸರು ಹಾಕುವುದು ಬಿಡುವುದು ಅವರಿಷ್ಟ. ಇನ್ನು ಕೆಲವರ ಆಸಕ್ತಿ ಬಾಯಲ್ಲಿ ಬರುವುದೇ ಇಲ್ಲ, ಕೈಯಲ್ಲಿ ಬರುತ್ತದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಮಾವನ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವುದನ್ನು ನೋಡುತ್ತಾ ಬೆಳೆದವನು. ಸುಟ್ಟುಹೋದ ಒಂದು ಹಳೇ ಫ್ಯಾನ್ ಮೋಟರ್ ತಂದು ಸುಮ್ನೆ ಬಿಚ್ಚುತ್ತಾ ಹೋದ. ಅವನು ಹೇಳಿದ್ದು ಬಹಳ ಕಡಿಮೆ. ಸುತ್ತ ನಿಂತವರೇ ಕೇಳಿದರು. ತಾಮ್ರದ ತಂತಿಯ ಮೇಲೆ ಪ್ಲಾಸ್ಟಿಕ್ ಇಲ್ಲ, ಮತ್ತೆ ಶಾರ್ಟ್ ಯಾಕೆ ಆಗಲ್ಲ? ಅವನು ಉಗುರಿನಿಂದ ತಂತಿಯ ಮೇಲಿನ ತೆಳು ಲೇಪ ಕೆರೆದು ತೋರಿಸಿದ. ವಿದ್ಯುತ್ ನಿರೋಧಕ ಅಂತ ನಾನು ಹಲಗೆ ಮೇಲೆ ಬರೆದ ಪದ ಆವತ್ತು ಅವರ ಬೆರಳಿಗೆ ಸಿಕ್ಕಿತು.

ಇದಕ್ಕೆಲ್ಲ ಸಮಯ ಎಲ್ಲಿದೆ ಅಂತ ಕೇಳುವವರಿದ್ದಾರೆ. ದಾರಿ ಸರ್ಕಾರವೇ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಬ್ಯಾಗ್ ಇಲ್ಲದ "ಸಂಭ್ರಮ ಶನಿವಾರ" ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರ ಹತ್ತಿರ ಕಲಿಯುವ ಮಾತಿದೆ. ಆ ದಿನಗಳನ್ನು ತುಂಬುವುದಕ್ಕೆ ಭಾಷಣ, ಮೆರವಣಿಗೆ ಹುಡುಕುವ ಬದಲು ಮಕ್ಕಳಲ್ಲಿ ಈಗಾಗಲೇ ಇರುವುದನ್ನು ಹುಡುಕಬಹುದು.

ಆದರೆ ಇಲ್ಲೇ ಒಂದು ಅಪಾಯವಿದೆ. ನನ್ನನ್ನು ಜಾಸ್ತಿ ಕಾಡಿದ್ದು ಅದು.

"ಸ್ಥಳೀಯ ಜ್ಞಾನ", "ಮನೆಯ ಕಸುಬು" ಅಂತ ನಾವು ಸಂತೋಷದಿಂದ ಹೇಳುತ್ತೇವೆ. ಹಾಗೆ ಹೇಳುತ್ತಾ ಮಗುವಿನ ಆಸಕ್ತಿಯನ್ನು ಅದರ ಜಾತಿಯಿಂದ ಊಹಿಸಿಬಿಡುವುದು ತೀರಾ ಸುಲಭ. ಕಂಬಳಿ ನೇಯುವವರ ಮನೆ ಹುಡುಗನಿಗೆ "ನೀನು ಕಂಬಳಿ ಬಗ್ಗೆ ಹೇಳಪ್ಪಾ". ತಮಟೆ ಬಡಿಯುವವರ ಮನೆ ಹುಡುಗನಿಗೆ "ನೀನು ತಮಟೆ ಬಾರಿಸು". ಕೇಳುವವರಿಗೆ ಅದು ಗೌರವ ಅನಿಸುತ್ತದೆ. ಆ ಹುಡುಗನಿಗೆ ಹೇಗೆ ಕೇಳಿಸುತ್ತದೆ? ಶಾಲೆಯಲ್ಲಾದರೂ ತಾನು ಬೇರೆ ಏನಾದರೂ ಆಗಬಹುದು ಅಂತ ಬಂದವನನ್ನು ನಾವೇ ವಾಪಸ್ ಕೇರಿಗೆ ಕಳಿಸಿದ ಹಾಗಾಗುತ್ತದೆ. ತಮಟೆ ದೊಡ್ಡ ಕಲೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅವನಾಗಿ ತಂದರೆ ಇಡೀ ಶಾಲೆ ಕೂತು ಕೇಳಬೇಕು. ಬೇರೆ ಮಕ್ಕಳೂ ಅವನಿಂದ ಕಲಿಯಬೇಕು, ಪೆಟ್ಟು ಎಣಿಸಬೇಕು, ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ದನಿ ಯಾಕೆ ಏರುತ್ತದೆ ಅಂತ ಕೇಳಬೇಕು. ಆದರೆ ತರುವುದೋ ಬೇಡವೋ ಅನ್ನುವುದು ಅವನ ಮಾತು. ನಾನು ಯಾವ ಮಗುವಿಗೂ ವಿಷಯ ಸೂಚಿಸುವಾಗ ಅದರ ಮನೆಯ ಕಸುಬನ್ನು ಎತ್ತುವುದಿಲ್ಲ. ಹುಡುಗಿಯರಿಗೂ ಇದೇ ಮಾತು. ರಂಗೋಲಿ, ಅಡುಗೆ ಅಂತ ನಾವೇ ಹಂಚಿಕೊಟ್ಟರೆ ಬೈಕಿನ ಕಾರ್ಬೊರೇಟರ್ ಬಿಚ್ಚುವ ಆಸೆ ಇರುವವಳು ಬಾಯಿ ಬಿಡುವುದಿಲ್ಲ.

ನಮ್ಮಲ್ಲಿ ಕುರಿಗಾರರ ಮನೆಯ ಒಬ್ಬ ಹುಡುಗನಿದ್ದ. ಅವನ ಆಸಕ್ತಿ ನೆಲದ ಮೇಲೆ ಇರಲಿಲ್ಲ, ತಲೆ ಮೇಲೆ ಹಾರುತ್ತಿತ್ತು. ಚಳ್ಳಕೆರೆಯ ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಪೈಲಟ್ ಇಲ್ಲದ ರುಸ್ತುಂ-2 ವಿಮಾನ 2016ರ ನವೆಂಬರ್‌ನಲ್ಲಿ ಮೊದಲ ಸಲ ಹಾರಿದ್ದು ಅಲ್ಲಿಂದಲೇ. ಅದನ್ನೇ ಆಮೇಲೆ ತಪಸ್ ಅಂತ ಕರೆದರು. 2023ರ ಆಗಸ್ಟ್‌ನಲ್ಲಿ ಅಂಥದ್ದೊಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಹತ್ತಿರ ಹೊಲದಲ್ಲಿ ಬಿದ್ದಾಗ ನಮ್ಮ ಮಕ್ಕಳೆಲ್ಲ ಮೊಬೈಲಿನಲ್ಲಿ ಅದರ ಚಿತ್ರ ನೋಡಿದ್ದರು. ಇವನು ಮಾತ್ರ ನೋಡಿ ಬಿಡಲಿಲ್ಲ. ರೆಕ್ಕೆ ಅಷ್ಟು ಉದ್ದ ಯಾಕೆ, ಬಾಲ ಹಾಗ್ಯಾಕೆ ಅಂತ ಶುರುಮಾಡಿದ. ಥರ್ಮೋಕೋಲ್ ಕತ್ತರಿಸಿ ಸಣ್ಣ ಮಾದರಿಗಳನ್ನು ಮಾಡಿ ಶಾಲೆಯ ತಾರಸಿಯಿಂದ ಬಿಡಬೇಕು ಅಂದ. ತಾರಸಿ ಬೇಡ, ಮೆಟ್ಟಿಲ ಮೇಲಿಂದ ಬಿಡು ಅಂತ ಒಪ್ಪಿಸಿದೆ.

ಅವನ ಶನಿವಾರ ಬಂದಾಗ ಮಾತು ಶುರುಮಾಡುವ ಮೊದಲು ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದ. ಆ ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದು ತುದಿಗೆ 20 ಮೀಟರಿಗೂ ಹೆಚ್ಚು. ಹಗ್ಗ ಅಳೆದು ಮಕ್ಕಳನ್ನು ಕೈಚಾಚಿ ಸಾಲಾಗಿ ನಿಲ್ಲಿಸಿದ. "ಇಷ್ಟುದ್ದ ಐತೆ. ಅದ್ಕೇ ಬಾಳ ಹೊತ್ತು ಮೇಲಿರತೈತೆ" ಅಂದ. ಹದ್ದಿನ ರೆಕ್ಕೆಗೂ ಗುಬ್ಬಚ್ಚಿಯ ರೆಕ್ಕೆಗೂ ಇರುವ ವ್ಯತ್ಯಾಸ ಹೇಳಿದ. ಕುರಿ ಕಾಯುವಾಗ ಹದ್ದು ರೆಕ್ಕೆ ಬಡಿಯದೆ ಸುತ್ತುವುದನ್ನು ನೋಡಿದ್ದನಂತೆ. ಅವನ ಮನೆಯ ಬದುಕು ಅವನ ಮಾತಿನೊಳಗೆ ಬಂದೇ ಬಂತು. ಆದರೆ ಅವನೇ ಕರೆದಾಗ, ಅವನಿಗೆ ಬೇಕಾದ ಕೆಲಸಕ್ಕೆ ಬಂತು.

ಆಮೇಲೆ ಒಬ್ಬ ಹುಡುಗಿ ಕೇಳಿದಳು: "ಅದು ಬಂದ ಮೇಲೆ ನಿಮ್ ಕುರಿ ಎಲ್ಲಿ ಮೇಯ್ತಾವೆ?" ಇಲ್ಲಿನ ಅಮೃತ ಮಹಲ್ ಕಾವಲುಗಳ ಸಾವಿರಾರು ಎಕರೆ ಇಂಥ ಸಂಸ್ಥೆಗಳಿಗೆ ಹೋಗಿದೆ. ಮೇವಿನ ನೆಲ ಹೋಯಿತು ಅಂತ ಜನ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದ್ದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಬರೀಬೇಕು" ಅಂದ. ಅವನ ಗೋಡೆ ಪತ್ರಿಕೆಯ ಹಾಳೆಯಲ್ಲಿ ಎರಡೂ ಬಂತು, ರೆಕ್ಕೆಯ ಚಿತ್ರ ಮತ್ತು ಬೇಲಿ ಹಾಕಿದ ಕಾವಲಿನ ನಕ್ಷೆ. ಇದನ್ನು ನಾನು ಕಲಿಸೋಕೆ ಹೋಗಿದ್ದರೆ ಭಾಷಣವಾಗುತ್ತಿತ್ತು. ಗೆಳತಿಯ ಒಂದು ಪ್ರಶ್ನೆ ಆ ಕೆಲಸ ಮಾಡಿತು.

ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಕೇಂದ್ರವೂ ಇದೆ. ನನಗೆ ಅಲ್ಲಿ ಇಷ್ಟವಾಗುವುದು, ಶಿಕ್ಷಕರನ್ನೇ ಪ್ರಯೋಗದ ಮೇಜಿನ ಮುಂದೆ ನಿಲ್ಲಿಸುವುದು. ತನ್ನ ಕೈಯಿಂದ ಏನನ್ನೂ ಹುಡುಕದ ಶಿಕ್ಷಕರಿಗೆ ಮಗುವಿನ ಹುಡುಕಾಟ ತರಲೆಯಾಗಿ ಕಾಣುವ ಸಂಭವ ಜಾಸ್ತಿ.

ಕೇಳುವವರು ಸಿಕ್ಕರೆ ಒಳಗಿರುವುದು ಎಷ್ಟು ಹೊರಬರಬಹುದು ಅನ್ನುವುದಕ್ಕೆ ನಮ್ಮ ತಾಲ್ಲೂಕಿನಲ್ಲೇ ದೊಡ್ಡ ಉದಾಹರಣೆ ಇದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಜನಪದ ಹಾಡುಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಎದುರು ಕೂತು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ನಮ್ಮ ಮಕ್ಕಳಿಗೆ ಇದನ್ನು ಹೇಳಿದಾಗ ಅವರು ಮನೆಗೆ ಹೋಗಿ ತಮ್ಮ ಅಜ್ಜಿಯರನ್ನು ಕೇಳಿದರು. ಒಬ್ಬಳು ಸೋಬಾನೆ ಪದ ಬರೆದುಕೊಂಡು ಬಂದಳು. ಇನ್ನೊಬ್ಬನ ಅಜ್ಜಿ ಹಾಡಲೇ ಇಲ್ಲ, ಬರ ಬಿದ್ದ ವರ್ಷದ ಕಥೆ ಹೇಳಿದರು. ಅವನು ಅದನ್ನೇ ತಂದ.

ಇನ್ನು ಸ್ಪರ್ಧೆಯ ವಿಷಯ. ಪ್ರತಿಭಾ ಕಾರಂಜಿ ಬಗ್ಗೆ ನನಗೆ ಪ್ರೀತಿ ಇದೆ. ಕಂಠಪಾಠ, ಛದ್ಮವೇಷ, ಆಶುಭಾಷಣ, ಮಿಮಿಕ್ರಿ, ಜನಪದ ಗೀತೆ ಅಂತ ಕ್ಲಸ್ಟರ್ ಮಟ್ಟದಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೂ ಹೋಗುತ್ತದೆ. ಹಳ್ಳಿಯ ಎಷ್ಟೋ ಮಕ್ಕಳು ಮೊದಲ ಸಲ ಮೈಕ್ ಮುಂದೆ ನಿಲ್ಲುವುದು ಅಲ್ಲೇ. ಆದರೆ ಸ್ಪರ್ಧೆಗೆ ಪಟ್ಟಿ ಬೇಕು, ನಿಮಿಷ ಬೇಕು, ತೀರ್ಪು ಬೇಕು. ಟಿಟ್ಟಿಭ ನೋಡುವುದಕ್ಕೆ ಅಲ್ಲಿ ಯಾವ ವಿಭಾಗವಿದೆ? ಗೆದ್ದವರು ಒಬ್ಬರಾದರೆ ಉಳಿದವರು ತಮ್ಮ ಆಸಕ್ತಿಯೇ ಸೋತಿತು ಅಂದುಕೊಳ್ಳುತ್ತಾರೆ. ಹಾಗಾಗಿ ಎರಡನ್ನೂ ಬೇರೆ ಬೇರೆ ಇಡಬೇಕು. ಶನಿವಾರ ಮಾತಾಡಿದ ಮಗುವಿಗೆ "ಚೆನ್ನಾಗಿದೆ, ಇದನ್ನ ಕಾಂಪಿಟಿಷನ್‌ಗೆ ಕೊಡು" ಅಂತ ನಾನಾಗಿ ಹೇಳುವುದಿಲ್ಲ. ಅದೇ ಕೇಳಿದರೆ ದಾರಿ ತೋರಿಸುತ್ತೇನೆ. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಆಲೋಚನೆ ನನಗೆ ಹಿಡಿಸುವುದು ಇದಕ್ಕೇ. 10ರಿಂದ 17 ವರ್ಷದ ಮಕ್ಕಳು ತಮ್ಮ ಊರಿನದೇ ಒಂದು ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ಅಧ್ಯಯನ ಮಾಡಿ ಹೇಳುವುದು ಅದರ ಮೂಲ.

ಫೋಟೊ ಬಗ್ಗೆ ಒಂದೇ ಮಾತು. ಮಗು ತರಗತಿಗೆ ಹೇಳಿದ್ದನ್ನು ವಾಟ್ಸ್‌ಆ್ಯಪ್ ಗುಂಪಿಗೂ ಹೇಳಿದೆ ಅಂತ ಅರ್ಥವಲ್ಲ. ಅದನ್ನೂ ಮನೆಯವರನ್ನೂ ಕೇಳದೆ ವಿಡಿಯೊ ಹಾಕಬಾರದು.

"ನನಗೆ ಏನೂ ಇಷ್ಟ ಇಲ್ಲ ಮಿಸ್" ಅನ್ನುವ ಮಕ್ಕಳೂ ಇದ್ದಾರೆ. ಕೆಲವರಿಗೆ ಮನೆಯಲ್ಲಿ ಅಷ್ಟು ಭಾರ ಇರುತ್ತದೆ, ಇಷ್ಟಪಡೋಕೆ ಪುರುಸೊತ್ತೇ ಇರುವುದಿಲ್ಲ. ಅವರನ್ನು ಕೆದಕಬಾರದು. ಅಂಥವರಿಗೆ ನಾನು ಒಂದು ಮರ ಕೊಡುತ್ತೇನೆ. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ದೇಶದ ಬೇರೆ ಬೇರೆ ಕಡೆಯ ಜನ ವಾರಕ್ಕೊಮ್ಮೆ ತಮ್ಮ ಮರವನ್ನು ನೋಡಿ ಎಲೆ, ಹೂವು, ಕಾಯಿ ಇಲ್ಲವೋ, ಸ್ವಲ್ಪ ಇದೆಯೋ, ಜಾಸ್ತಿ ಇದೆಯೋ ಅಂತ ಗುರುತು ಮಾಡುತ್ತಾರೆ. ಅದರಲ್ಲಿ ಕೇರಳದ ಶಾಲಾ ಮಕ್ಕಳ ಪಾಲು ಬಹಳ ದೊಡ್ಡದು. ಅಲ್ಲಿನ ವಿಷು ಹಬ್ಬಕ್ಕೆ ಅರಳಬೇಕಾದ ಕಕ್ಕೆ ಹೂವು ಎಷ್ಟೋ ಮೊದಲೇ ಅರಳುತ್ತಿದೆ ಅನ್ನುವುದನ್ನು ಅಂಥ ಮಕ್ಕಳ ಟಿಪ್ಪಣಿಗಳೇ ತೋರಿಸಿವೆ. ನಮ್ಮ ಶಾಲೆಯಲ್ಲಿ ಬೇವು, ಹೊಂಗೆ, ಹುಣಸೆ ಇವೆ. ವಾರಕ್ಕೆ ಐದು ನಿಮಿಷದ ಕೆಲಸ, ಮಾತಾಡಬೇಕಿಲ್ಲ, ಯಾರೂ ತಪ್ಪು ಅನ್ನುವುದಿಲ್ಲ. ಏನೂ ಇಷ್ಟವಿಲ್ಲ ಅಂದ ಒಬ್ಬ ಹುಡುಗ ಹೊಂಗೆ ಮರದ ಎಲೆಯಲ್ಲಿ ಕಾಣುವ ಗಂಟುಗಳನ್ನು ಒಡೆದು ನೋಡೋಕೆ ಶುರುಮಾಡಿದ. ಒಳಗೆ ಕಣ್ಣಿಗೆ ಏನೂ ಕಾಣಲಿಲ್ಲ ಅಂತ ಮೈಕ್ರೋಸ್ಕೋಪ್ ಕೇಳಿಕೊಂಡು ಬಂದ. ಬಹಳ ದಿನದಿಂದ ಆ ಪೆಟ್ಟಿಗೆಯನ್ನು ಯಾವ ಮಗುವೂ ಕೇಳಿರಲಿಲ್ಲ.

ಹತ್ತನೇ ತರಗತಿಗೆ ಬಂದ ಕೂಡಲೇ ಇದೆಲ್ಲ ನಿಂತುಹೋಗುತ್ತದೆ, ಅದು ನನ್ನ ದೊಡ್ಡ ಬೇಸರ. ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ ಶಾಲೆಯ ಮೇಲೂ ಇದೆ, ಮನೆಯವರ ಮೇಲೂ ಇದೆ. ವಿಶೇಷ ತರಗತಿ, ಸರಣಿ ಪರೀಕ್ಷೆ, ರಾತ್ರಿ ಓದು. ಒಬ್ಬ ತಾಯಿ ನನ್ನ ಹತ್ತಿರ ಬಂದು, "ಇವೆಲ್ಲ ಹೊಟ್ಟೆಗೆ ಹಿಟ್ಟು ಕೊಡ್ತಾವಾ ಮೇಡಂ?" ಅಂತ ಕೇಳಿದರು. ಕೂಲಿ ಮಾಡಿ ಓದಿಸುವವರು ಹಾಗೆ ಕೇಳುವುದು ನ್ಯಾಯವೇ. ಅವರಿಗೆ ನಾನು ದೊಡ್ಡ ಮಾತು ಹೇಳಲಿಲ್ಲ. ಮಗಳು ಬರೆದ ಪುಸ್ತಕ ಕೊಟ್ಟು, ಅವಳಿಂದಲೇ ಓದಿಸಿ ಕೇಳಿ ಅಂದೆ. ಆಕೆ ಅಲ್ಲೇ ಜಗಲಿ ಮೇಲೆ ಕೂತು ಪೂರ್ತಿ ಓದಿಸಿಕೊಂಡರು. ನಡುವೆ ಒಂದು ಕಡೆ ತಡೆದು, "ಅದು ಆ ಕೆರೆ ಅಲ್ಲ, ಮೇಲಿನ ಕೆರೆ" ಅಂತ ತಿದ್ದಿದರು.

ಈ ವರ್ಷ ಹತ್ತನೇ ತರಗತಿಗೂ ಎರಡು ವಾರಕ್ಕೊಮ್ಮೆ ಆ ಅವಧಿ ಇಟ್ಟುಕೊಳ್ಳೋಣ ಅಂತ ಶಿಕ್ಷಕರೆಲ್ಲ ಒಪ್ಪಿದ್ದೇವೆ, ಡಿಸೆಂಬರ್‌ವರೆಗೆ. ಗಣಿತ ಮೇಷ್ಟ್ರು ತಮ್ಮದೇ ಒಂದು ಶನಿವಾರ ಬೇಕು ಅಂದಿದ್ದಾರೆ. ಅವರಿಗೆ ಹಳೇ ರೇಡಿಯೊ ರಿಪೇರಿ ಮಾಡುವ ಹುಚ್ಚು. ಮೋಟರ್ ಬಿಚ್ಚಿದ ಹುಡುಗ ಆಗಲೇ ಪ್ರಶ್ನೆ ಬರೆದಿಟ್ಟುಕೊಂಡಿದ್ದಾನೆ.